ಕಾಕಾನ ಹಾಲು, ಕಾಕಿಯ ಮಣಿಕಟ್ಟು

ನಮ್ಮ ಕಾಕಾನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಹಾಲಿನಷ್ಟು ಅನ್ಯಾಯಕ್ಕೊಳಗಾದ ವಸ್ತು ಇನ್ನೊಂದಿಲ್ಲ! ಕಾಯಿಸಿದರೆ ಅದರ ಪ್ರಾಣ ಹೋಗುತ್ತದೆ, ಪಾಕೀಟಿಗೆ ತುಂಬಿದರೆ ಮಾನ ಹೋಗುತ್ತದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಕಾಕಾನ ಮುಖ ಬಾಡುತ್ತಿತ್ತು.

ಇದಕ್ಕೆ ಆಧಾರ? ಮಗ್ಗ! ನೇಕಾರನಾದ ಕಾಕಾ, ರೇಷ್ಮೆ ನೂಲು ಕುದಿಸಿದರೆ ತೂಕ ಇಳಿಯುವುದನ್ನು ಬುದ್ಧಿ ಬಂದಾಗಿನಿಂದ ಕಂಡವನು. "ಕುದಿಸಿದ ಮ್ಯಾಲೆ ನೂಲೇ ಇಳೀತೈತಿ, ಹಾಲು ಇಳಿಯೂದಿಲ್ಲೇನು?" ಎಂಬುದು ಅವನ ವಾದ.

ಕಾಕಿ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಈ ಸಿದ್ಧಾಂತ ಯುದ್ಧಕ್ಕಿಳಿಯಿತು. ಆಕೆಯ ಕೈ ಮತ್ತೆ ಲಾಳಿ ಹಿಡಿದೀತೇ ಎಂಬುದೇ ಮನೆಯವರೆಲ್ಲರ ಚಿಂತೆ. ಡಾಕ್ಟರಮ್ಮ ಪ್ಲಾಸ್ಟರ್ ಹಾಕಿ, ದಿನಾ ಹಾಲು ಕುಡಿಯಿರಿ ಎಂದರು. ಸರಿ, ಕಾಕಾ ಬೆಳಗಾದರೆ ಬಿಂಕದಕಟ್ಟಿ ಹಳ್ಳಿಗೆ ಸೈಕಲ್ ತುಳಿದು ಎಮ್ಮೆಯ ಹಸಿ ಹಾಲು ತರತೊಡಗಿದ. ಸುದ್ದಿ ತಿಳಿದ ಡಾಕ್ಟರಮ್ಮ ಚೆನ್ನಾಗಿ ಗದರಿಸಿದರು. ಹಸಿ ಹಾಲಿನಲ್ಲಿ ರೋಗಾಣು ಇರಬಹುದು. ಕಾಯಿಸಿದರೆ ಒಂದಿಷ್ಟು ವಿಟಮಿನ್ ಕಡಿಮೆಯಾದೀತು, ಕ್ಯಾಲ್ಸಿಯಂ, ಪ್ರೋಟೀನು ಎಲ್ಲಿಗೂ ಓಡಿಹೋಗುವುದಿಲ್ಲವಂತೆ. ಕಾಕಾ ಮುಖ ಆಚೆ ತಿರುಗಿಸಿಕೊಂಡು ಹಾಲು ಕಾಯಿಸಿದ.

ಕಾಕಿ ಮೈ ತುಂಬಲಿಲ್ಲ. ಮನೆಯ ಬೆಕ್ಕು ಮೈ ತುಂಬಿತು!

ಮಗ್ಗದ ಹಿಂದೆ ಬೆಕ್ಕಿಗೆ ಲೋಟ ಬಗ್ಗಿಸುವಾಗ ಕಾಕಿ ಸಿಕ್ಕಿಬಿದ್ದಳು. "ಹಾಲು ಕುಡದ್ರ ಹೊಟ್ಟಿ ಉಬ್ಬತೈತ್ರಿ. ನೀವು ಅಷ್ಟ ದೂರದಿಂದ ತರ್ತೀರಿ, ಹೆಂಗ ಬ್ಯಾಡ ಅನ್ನಲಿ?" ಎಂದಳು.

ಕಾಕಾ ಬೈಯಲಿಲ್ಲ. ಮತ್ತೆ ಡಾಕ್ಟರಮ್ಮನ ಮುಂದೆ ಕೂತು ಕೇಳಿಕೊಂಡು ಬಂದ. ಹೆಪ್ಪು ಹಾಕಿದರೆ, ಹೊಟ್ಟೆ ಉಬ್ಬಿಸುವ ಹಾಲಿನ ಸಕ್ಕರೆ ಒಂದಷ್ಟು ಕಡಿಮೆಯಾಗುತ್ತದೆ, ಎಲುಬಿಗೆ ಬೇಕಾದ್ದು ಹಾಗೇ ಉಳಿಯುತ್ತದೆ. ಅಂದಿನಿಂದ ಶುರುವಾಯಿತು ನೋಡಿ ಪಕ್ಷಾಂತರ! ತಾನೇ ಹಾಲು ಕಾಯಿಸುವುದೇನು, ಹೆಪ್ಪು ಹಾಕುವುದೇನು, ಗಡಿಗೆಗೆ ಹಳೆಯ ಸೀರೆ ಹೊದಿಸಿ ಕೂಸಿನಂತೆ ಮಲಗಿಸುವುದೇನು! ಕಾಕಿ ಬಟ್ಟಲುಗಟ್ಟಲೆ ಮೊಸರುಂಡಳು. ಓಣಿಯಲ್ಲಿ ಯಾರಾದರೂ ಹಸಿ ಹಾಲಿನ ಹೆಸರೆತ್ತಿದರೆ ಕಾಕಾನೇ ಉಪನ್ಯಾಸಕ್ಕೆ ನಿಂತ. ಬೆಕ್ಕು ಮಾತ್ರ ಬಡವಾಯಿತು.

ಎಲುಬು ಕೂಡಿಸಿದ್ದು ಪ್ಲಾಸ್ಟರೋ, ಮೊಸರೋ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇಲ್ಲ! ಮೊನ್ನೆ ಕಾಕಿ ಮತ್ತೆ ಮಗ್ಗಕ್ಕೆ ಕೂತಳು. ಲಾಳಿ ಓಡಿತು. ಆ ಸದ್ದು ಕೇಳಿ ನಾವೆಲ್ಲ ಊರು ಗೆದ್ದವರಂತೆ ಹಿಗ್ಗಿದೆವು. ಒಂದು ಗೇಣು ಸೀರೆ ಆದಮೇಲೆ ಕಾಕಾ ಹತ್ತಿರ ಹೋಗಿ ಬಗ್ಗಿ ನೋಡಿ, "ನೇಯ್ಗಿ ಗಟ್ಟಿ ಬಂದೈತಿ" ಎಂದ. ಕಣ್ಣು ಸೀರೆಯ ಮೇಲಿತ್ತು. ಕೈ ಮಾತ್ರ ಕಾಕಿಯ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡಿತ್ತು, ಬಿಡಲೊಲ್ಲದು.