ಕೌದಿಯಲ್ಲಿ ಸುತ್ತಿದ ಟಿವಿ ಮತ್ತು ನನ್ನ ಇಂಗ್ಲಿಷ್ ಚಿಟ್ಟಿ

ಧಪ್!

ಆ ಕಾಲದ ನಮ್ಮ ಮನೆಯನ್ನು ನೆನೆದರೆ ಮೊದಲು ಕಿವಿಗೆ ಬೀಳುವ ಸೌಂಡ್ ಅದೇ. ನಮ್ಮ ಯಜಮಾನರು ಟಿವಿಯ ನೆತ್ತಿಗೆ ಕೊಡುತ್ತಿದ್ದ ಏಟು. ಮಕ್ಕಳ ಮೇಲೆ ಎಂದೂ ಕೈ ಎತ್ತದ ಮನುಷ್ಯ! ಅವರ ಸಿಟ್ಟೆಲ್ಲ ಆ ಪೆಟ್ಟಿಗೆಗೇ ಮೀಸಲು. ಏಟು ಬಿದ್ದ ಕೂಡಲೇ ಸುದ್ದಿ ಓದುವವನ ತಲೆ ಬಂದು ಕುತ್ತಿಗೆಯ ಮೇಲೆ ಕೂರುತ್ತಿತ್ತು. ಎರಡು ನಿಮಿಷ ಅಷ್ಟೆ. ಮತ್ತೆ ಟೈ ಮೇಲೆ, ತಲೆ ಕೆಳಗೆ.

ಬಸವಕಲ್ಯಾಣದ ನಮ್ಮ ಓಣಿಗೆ ಬಂದ ಮೊದಲ ಟಿವಿ ಅದು. ಕಟ್ಟಿಗೆಯ ಮೈ, ಮುಂದೆ ಸರಿಸುವ ಬಾಗಿಲು. ಯಜಮಾನರು ಅದನ್ನು ಹೈದರಾಬಾದಿನಿಂದ ಬಸ್ಸಿನಲ್ಲಿ ತಂದಿದ್ದರು, ದಾರಿಯುದ್ದಕ್ಕೂ ಅದರ ಮೇಲಿಂದ ಕೈ ತೆಗೆಯದೆ. ಸಂಜೆಯಾದರೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ! ಎಂಬತ್ತರ ದಶಕದ ಕೊನೆಗೆ ಎದುರುಮನೆಯ ಶರಣಮ್ಮ ಕಲರ್ ಟಿವಿ ತಂದಳು. ನಮ್ಮ ಆಡಿಯನ್ಸ್ ಒಬ್ಬೊಬ್ಬರಾಗಿ, ಚಪ್ಪಲಿ ಸಪ್ಪಳವಾಗದಂತೆ, ಅತ್ತ ದಾಟಿತು.

"ಅಕ್ಕಾ, ಹೊರಗ ಮೋಡ ಇಲ್ಲ, ಮಿಂಚಿಲ್ಲ. ನಿಮ್ಮ ಟಿವಿಯಾಗ ಮಾತ್ರ ಒಂದೇ ಸವನೆ ಮಳಿ ಬರಾಕತ್ತದಲ್ರಿ!" ಎಂದಳು ಶರಣಮ್ಮ. ಈ ಮಾತು ಎದೆಗೆ ನಾಟಿತು.

"ಹೊಸಾದು ತರೂಣ್ರಿ," ಎಂದೆ ಯಜಮಾನರಿಗೆ.

"ಯಾಕ? ಇದಕ್ಕೇನಾಗ್ಯಾದ? ನನಗೂ ಕಣ್ಣು ಸರಿ ಕಾಣಂಗಿಲ್ಲ, ಮಳಕಾಲು ನೋಯ್ತಾವ. ನನ್ನೂ ಬದ್ಲಿ ಮಾಡ್ತೀ ಏನು?"

ಇಂಥ ಪ್ರಶ್ನೆಗೆ ಹೆಂಡತಿಯಾದವಳು ಕೂಡಲೇ ಉತ್ತರ ಕೊಡಬೇಕು. ನಾನು ಸ್ವಲ್ಪ ಯೋಚಿಸಿದೆ. ಅದೇ ತಪ್ಪಾಯಿತು!

ಎರಡು ದಿನ ಮಾತಿಲ್ಲ. ಮೂರನೆಯ ದಿನ ರಾಜಿ: ಹುಮನಾಬಾದಿನ ಟಿವಿ ಅಂಗಡಿಯ ಉಸ್ಮಾನ್ ಭಾಯಿಯಿಂದ ರಿಪೇರಿ ಮಾಡಿಸುವುದು. ಯಜಮಾನರು ಉತ್ಸಾಹದಿಂದ ಟಿವಿ ಎತ್ತಿದರು. ಸೊಂಟ ಹಿಡಿಯಿತು.

"ನೀವು ಮಲಗ್ರಿ. ನಾನೇ ಒಯ್ತೀನಿ. ವಾಟ್ ಈಸ್ ದೇರ್ ಇನ್ ಇಟ್!" ಎಂದೆ. ಕಾನ್ವೆಂಟಿನಲ್ಲಿ ಓದಿದವಳ ಕಾನ್ಫಿಡೆನ್ಸ್ ನೋಡಿ.

ಟಿವಿಯನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂರಿಸಿ, ತಬ್ಬಿ ಹಿಡಿದೆ.

"ಅಕ್ಕಾರ, ಪೇಶಂಟೇನ್ರಿ?" ಕಂಡಕ್ಟರ್ ಕೇಳಿದ.

"ಹೌದಪ್ಪಾ. ದನಿ ಅದ, ಮುಖಾನ ಸರಿ ಇಲ್ಲ."

"ಅಯ್ಯ ಪಾಪ! ಡ್ರೈವರ್ ಸಾಬ್, ಸಾವಕಾಶ ಹೊಡೀರಿ!"

ಅಂಗಡಿಯಲ್ಲಿ ಉಸ್ಮಾನ್ ಭಾಯಿ ಇರಲಿಲ್ಲ, ನಮಾಜಿಗೆ ಹೋಗಿದ್ದರು. ವಾಪಸು ಬಸ್ಸು ಹೊರಡುವುದರಲ್ಲಿತ್ತು. ಪಕ್ಕದ ಚಹಾದಂಗಡಿಯಲ್ಲಿ ಟಿವಿ ಇಳಿಸಿ, ಒಂದು ಚಿಟ್ಟಿ ಬರೆದಿಟ್ಟೆ. ಕನ್ನಡದಲ್ಲಿ ಬರೆಯಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಬರೆದರೆ ರೆಸ್ಪೆಕ್ಟ್ ಬೇರೆಯಲ್ಲವೇ? ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಮಾರ್ಜಿನ್ ಬಿಟ್ಟು, ಕರ್ಸಿವ್ ಅಕ್ಷರದಲ್ಲಿ, 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ ಸಹಿ ಹಾಕಿದೆ. ಬಸ್ಸು ಹಾರ್ನ್ ಹೊಡೆಯಿತು. ಬರೆದದ್ದನ್ನು ಒಮ್ಮೆ ಓದಿ ನೋಡಲಿಲ್ಲ.

ಎಂಟು ದಿನಕ್ಕೆ ಯಜಮಾನರ ಸೊಂಟದ ಹಿಡಿತ ಬಿಟ್ಟಿತು. ಇಬ್ಬರೂ ಹೋದೆವು. ಉಸ್ಮಾನ್ ಭಾಯಿ ನಗುನಗುತ್ತಾ ತಂದು ಮುಂದಿಟ್ಟರು, ಮಿರಿಮಿರಿ ಮಿಂಚುವ ಹೊಸ ಕಲರ್ ಟಿವಿ!

"ಮತ್ತ ನಮ್ದು?" ಯಜಮಾನರು ಕೇಳಿದರು.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯಿಂದ ಪರಿಚಯದ ಸದ್ದು. ಕಿರ್ರ್! ಅಂಗಡಿಯವನು ನಮ್ಮ ಟಿವಿಯ ಬಾಗಿಲು ಸರಿಸುತ್ತಿದ್ದ. ಒಳಗೆ ಟ್ಯೂಬಿಲ್ಲ, ವೈರಿಲ್ಲ. ಸುದ್ದಿ ಓದುವವನ ಜಾಗದಲ್ಲಿ ಬನ್ನು!

ಯಜಮಾನರು ಹೋಗಿ ಆ ಬಾಗಿಲ ಮೇಲೆ ಒಮ್ಮೆ ಕೈಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಎಲ್ಲಿಲ್ಲದ ರೋಷ. "ಏನಿದು ಭಾಯಿ? ನಾ ಕ್ಲಿಯರಾಗಿ ರಿಪೇರ್ ಅಂತ ಬರದೀನಿ! ಆರ್-ಇ-ಪಿ-ಎ-ಐ-ಆರ್!" ಹುಮನಾಬಾದಿನ ಬಜಾರಿಗೆಲ್ಲ ಕೇಳುವಂತೆ ಸ್ಪೆಲಿಂಗ್ ಹೇಳಿಕೊಟ್ಟೆ.

ಉಸ್ಮಾನ್ ಭಾಯಿ ನನ್ನ ಮುಖ ನೋಡಿದರು. ಯಜಮಾನರ ಮುಖ ನೋಡಿದರು. "ಗಲತಿ ನಂದೇ, ಸಾಬ್. ನನಗ ಅಂಗ್ರೇಜಿ ಬರಂಗಿಲ್ಲ. ಮಾಫ್ ಮಾಡ್ರಿ," ಎಂದರು.

ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ!

ಹಳೆಯದರ ಬೆಲೆ ಕಳೆದು, ಉಳಿದದ್ದಕ್ಕೆ ಕಂತು ಬರೆಸಿ ಹೊಸದನ್ನು ಮನೆಗೆ ತಂದೆವು. ಆಡಿಯನ್ಸ್ ವಾಪಸು ಬಂತು. ಶರಣಮ್ಮನೂ ಬಂದು ಹುಬ್ಬೇರಿಸಿ ಹೋದಳು. ಯಜಮಾನರು ಮಾತ್ರ ಮೂಲೆಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಪಿಕ್ಚರ್ ತಾನೇ ನೆಟ್ಟಗಿದ್ದರೆ ಅವರಿಗೇನು ಕೆಲಸ? ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ ಕರೆಂಟ್ ಡಿಮ್ ಆಗಿ ಚಿತ್ರ ಸ್ವಲ್ಪ ನಡುಗಿತು. ನೋಡಿ, ಅವರ ಮುಖ ಅರಳಿತು! ಎದ್ದು ಬಂದರು.

ಧಪ್!

ಚಿತ್ರವೂ ಹೋಯಿತು, ಸೌಂಡೂ ಹೋಯಿತು.

ಮತ್ತೆ ಕೌದಿ, ಮತ್ತೆ ಅದೇ ಬಸ್ಸು. "ಅಕ್ಕಾರ, ಇನ್ನೂ ಗುಣ ಆಗಿಲ್ಲೇನ್ರಿ?" ಎಂದ ಅದೇ ಕಂಡಕ್ಟರ್.

"ಇದು ಬ್ಯಾರೆ ಪೇಶಂಟಪ್ಪಾ."

ಉಸ್ಮಾನ್ ಭಾಯಿ ಹಿಂದಿನ ಮುಚ್ಚಳ ಬಿಚ್ಚಿ ಕೂತರು. ನಾನು ಸ್ಟೂಲಿನ ಮೇಲೆ ಕೂತು ಗೋಡೆ ನೋಡಿದೆ. ಗಾಜಿನ ಫ್ರೇಮಿನಲ್ಲಿ ನನ್ನ ಚಿಟ್ಟಿ! "ಗಿರಾಕಿ ಮ್ಯಾಲ ಇಂಪ್ರೆಶನ್ ಬೀಳ್ತದ್ರಿ ಮೇಡಮ್," ಎಂದು ನಕ್ಕರು. ಹೆಮ್ಮೆಯಿಂದ ಎದ್ದು ಓದಿದೆ. 'ಕೈಂಡ್ಲಿ ರಿಪ್ಲೇಸ್ ದಿ ಟೆಲಿವಿಷನ್.' ರಿಪ್ಲೇಸ್! ಎಷ್ಟು ಸುಂದರ ಅಕ್ಷರ. ಒಂದು ಚಿತ್ತಿಲ್ಲ, ಕಾಟಿಲ್ಲ. ಬಾಯಿಗೆ ಕಾನ್ವೆಂಟು ಕಲಿಸಿತ್ತು. ಕೈ ಮನಸ್ಸಿನ ಮಾತು ಕೇಳಿತ್ತು.

"ಭಾಯಿ, ನಿಮಗ ಇಂಗ್ಲಿಷ್ ಓದಾಕ ಬರ್ತದೇನು?"

"ಬರ್ತದ್ರಿ. ಟಿವಿ ಡಬ್ಬಿ ಮ್ಯಾಲೆಲ್ಲಾ ಅಂಗ್ರೇಜಿನೇ ಅಲ್ರಿ?"

"ಮತ್ತ ಅವತ್ತು ಯಾಕ ಹೇಳಲಿಲ್ಲ?"

"ಸಾಹೇಬ್ರು ಬಾಜೂಕ ನಿಂತಿದ್ರಲ್ರಿ," ಎಂದರು, ತಲೆ ಎತ್ತದೆ.

ನಾನು ಫ್ರೇಮಿನತ್ತ ಕೈ ಮಾಡಿದೆ. "ಆ ಚಿಟ್ಟಿ ತೆಗೀರಿ ಭಾಯಿ. ಬ್ಯಾರೆ ಬರದು ಕೊಡ್ತೀನಿ."

"ಬ್ಯಾಡ್ರಿ ಮೇಡಮ್. ಬದ್ಲಿ ಮಾಡಿದ್ದು ಸಾಕಾಗ್ಯಾದ."

ರಿಪೇರಿಯಾದ ಟಿವಿಯನ್ನು ಅವರೇ ಹೊತ್ತು ತಂದು ಸೀಟಿನಲ್ಲಿ ಕೂರಿಸಿ, ಕೌದಿಯ ಅಂಚು ಸರಿಮಾಡಿ ಇಳಿದರು. ಬಸ್ಸು ಹೊರಟಿತು. ಕಿಟಕಿಯಿಂದ 'ಸಾರಿ' ಎನ್ನಬೇಕಿತ್ತು. ಐದೇ ಅಕ್ಷರದ ಸ್ಪೆಲಿಂಗ್. ನಡುಬಜಾರಿನಲ್ಲಿ ಪಾಠ ಹೇಳಿದ ಪಂಡಿತೆಯ ಬಾಯಿಂದ ಬಂದದ್ದೇನು? "ಭಾಯಿ, ಕೌದಿ ಬಾಗಿಲಿಗಿ ಸಿಕ್ಕ್ಯಾದೇನು ನೋಡ್ರಿ!"

ಅವರು ಬಗ್ಗಿ ನೋಡಿದರು. ಸಿಕ್ಕಿರಲಿಲ್ಲ. ಇಲ್ಲವೆಂದು ತಲೆಯಾಡಿಸಿ, ನಕ್ಕು, ಕೈ ಎತ್ತಿ ಸಲಾಮ್ ಮಾಡಿದರು.

ಮರುವರ್ಷ ಅಂಗಡಿಗೆ ಬೀಗ. ಮಗಳ ಊರಿಗೆ ಹೋದರಂತೆ. ಅವರನ್ನು ನೋಡಿದ್ದು ಅದೇ ಕೊನೆ.