ಮಾಲಕರ ಮೀಸೆ ಮೀನು

ಬೆಳಿಗ್ಗೆ ಗಾಜಿನ ತೊಟ್ಟಿ ನೋಡಿದ ಪಾರ್ಶ್ವ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕಿತ್ತಳೆ ಹಣ್ಣಿನಂತಿದ್ದ ಮೀಸೆ ಮೀನು ಹಳಸಿದ ಗಂಜಿಯ ಬಣ್ಣಕ್ಕೆ ತಿರುಗಿತ್ತು.

ಮೀನು ಮನೆ ಮಾಲಕ ಶಶಿಧರ ಅವರದು. ಖಾನಾಪುರದ ತಂಗಿಯ ಮನೆಗೆ ಹೊರಟಾಗ, "ನನ್ನ ಮಗಾ ಇದ್ದಂಗ ಐತಿ, ಜ್ವಾಕಿ" ಎಂದು ಒಪ್ಪಿಸಿ ಹೋಗಿದ್ದರು. ಇವತ್ತು ಸಂಜೆ ಬರುವವರು. ಖಾಸಬಾಗದ ಆ ಬಾಡಿಗೆ ಮನೆಗಳ ಚಾಳಿನಲ್ಲಿ ಅವರ ಮಾತೇ ಕಾಯಿದೆ. ಬಾಡಿಗೆದಾರರ ನೀರಿನ ಟಾಕಿ ತುಕ್ಕು ಹಿಡಿದಿದೆ, ಆ ನೀರಿನಲ್ಲಿ ಮಿಂದು ಮಗಳು ಪ್ರಾಚಿಯ ಮೈಯೆಲ್ಲ ಹುಣ್ಣಾಗಿದೆ ಎಂದು ಪಾರ್ಶ್ವ ಬೇಡಿಕೊಂಡಾಗ, ತಾವು ಮಾತ್ರ ಬೇರೆ ಬೋರಿನ ನೀರು ಬಳಸುವ ಶಶಿಧರ, "ಒಲ್ಲದವ್ರು ಬ್ಯಾರೆ ಮನಿ ನೋಡ್ಕೋರ್ರಿ" ಅಂದಿದ್ದರು. ಮೀನಿನ ಈ ಅವತಾರ ಕಂಡರೆ ಮನೆ ಬಿಟ್ಟಂತೆಯೇ.

ಬಾಜೂ ಮನೆಯ ಗೌರವ್ವ ಇಣುಕಿದಳು. "ತಿನ್ನಾಕ ಏನ್ ಹಾಕ್ತೀರಿ?"

"ಚುರಮುರಿ ರೀ."

"ಚುರಮುರಿ ತಿಂದ್ರ ಚುರಮುರಿ ಬಣ್ಣಾನ ಬರ್ತೈತಿ! ಗಜ್ಜರಿ ಹಾಕ್ರಿ, ಒಣ ಸೀಗಡಿ ಹಾಕ್ರಿ."

ಒಳಗಿನಿಂದ ತಾಯಿ ಶಾಂತಮ್ಮ ಗುಡುಗಿದಳು. "ನೆಲದಾಗ ಬೆಳೀತೈತಂತ ಗಜ್ಜರೀನ ಈ ಹೊಸ್ತಿಲಾ ದಾಟಿಲ್ಲ. ಸೀಗಡಿ ಅಂತ! ಈ ಮನ್ಯಾಗ ಇರೂತನಕ ಮೀನೂ ಜೈನನ!"

ಪಾರ್ಶ್ವ ಮೀನಿನ ಅಂಗಡಿಯ ಚೇತನನಿಗೆ ಫೋನ್ ಮಾಡಿದ.

"ತಿನ್ನಿಸಿ ಬಣ್ಣ ಏರಸಾಕ ತಿಂಗಳ ಬೇಕ್ರಿ," ಅಂದ ಚೇತನ. "ಒಮ್ಮಿಂದೊಮ್ಮೆ ಬಿಳುಪಾತಂದ್ರ ನೀರ ಕೆಟ್ಟೈತಿ. ಸಾವಕಾಶ ಛಲೋ ನೀರು ಹಾಕ್ರಿ, ಸಂಜೀಕ ಸುಧಾರಸ್ತೈತಿ."

ತೊಟ್ಟಿಯಲ್ಲಿದ್ದದ್ದು ಟಾಕಿಯ ನೀರೇ. ಪಾರ್ಶ್ವ ಬಸದಿಯ ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತ. ಆದರೆ ಸೋಸದೆ, ಕುದಿಸದೆ ನೀರು ಮುಟ್ಟಿಸಲು ಶಾಂತಮ್ಮ ಬಿಡಲಿಲ್ಲ. ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ತೊಟ್ಟಿಗೆ ಹಾಕಿದರೆ ಮೀನು ಮೇಲೆ ಬಂದು, ಹರಾಜು ಕೂಗುವವನಂತೆ ಬಾಯಿ ಬಡಿಯತೊಡಗಿತು.

"ಕುದಿಸಿದ್ರ ನೀರಾಗಿನ ಗಾಳಿ ಹೋಗತೈತ್ರೀ!" ಚೇತನ ಫೋನಿನಲ್ಲೇ ಹಣೆ ಬಡಿದುಕೊಂಡ. "ಎತ್ತಿ ಎತ್ತಿ ಸುರುವ್ರಿ!"

ಚಹಾದ ಅಂಗಡಿಯವರಂತೆ ಪಾರ್ಶ್ವ, ಗೌರವ್ವ, ಶಾಂತಮ್ಮ ಕೊಡದಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಕೊಡಕ್ಕೆ ಮಧ್ಯಾಹ್ನವಿಡೀ ನೀರು ಎತ್ತಿ ಸುರಿದರು. ಪಾರ್ಶ್ವನ ನಡು ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಸಂಜೆಯ ಹೊತ್ತಿಗೆ ಮೀನು ಮದುವೆಗೆ ಸಿಂಗಾರಗೊಂಡಂತೆ ಕಿತ್ತಳೆ ಬಣ್ಣದಲ್ಲಿ ಹೊಳೆಯಿತು.

ಶಶಿಧರ ಬಂದವರೇ ತೊಟ್ಟಿಗೆ ಮೂಗು ಹಚ್ಚಿ ನೋಡಿದರು. "ಖರೇ ಹೇಳ್ರಿ ಪಾರ್ಶ್ವಪ್ಪಾ, ಯಾವ ನೀರಾಗ ಇಟ್ಟಿದ್ರಿ?"

"ನಮ್ಮ ಟಾಕೀದ ರೀ! ಬ್ಯಾರೆ ಹನಿ ಸೈತ ಸೋಕಿಸಿಲ್ಲ."

ಗೌರವ್ವ ಕೋಲೆಬಸವನಂತೆ ತಲೆಯಾಡಿಸಿದಳು.

"ಸಾಕಾತು," ಶಶಿಧರ ತೊಡೆ ತಟ್ಟಿದರು. "ತಂಗಿ ಗಂಡ ಹ್ವಾದ ಸಲ ಇಲ್ಲಿ ಬಂದಾಗ ನಿಮ್ಮ ಪ್ರಾಚೀನ್ನ ನೋಡಿ ನನ್ನ ತಲಿ ತಿಂದಿದ್ದ, ಕೂಸಿನ ಮೈ ಹುಣ್ಣಾಗೇತಿ, ಟಾಕಿ ಬದಲ್ ಮಾಡು ಅಂತ. ಮಂದಿ ಸುಳ್ಳ ಹೇಳ್ತಾರ, ಮೀನ ಹೇಳಾಂಗಿಲ್ಲ ಅಂದೆ. ಅದಕ್ಕ ಇದನ್ನ ನಿಮ್ಮ ನೀರಾಗ ಬಿಟ್ಟು ಹೋದೆ. ಬಿಳುಪಾಗಿದ್ರ ನಾಳೇನ ಏರಸೂಣು ಅಂತ ಹೊಸಾ ಟಾಕೀನೂ ತಂದಿದ್ದೆ."

ಹೊರಗೆ ಟೆಂಪೋದ ಮೇಲೆ ಹೊಚ್ಚ ಹೊಸ ಟಾಕಿ ಮಿರಮಿರ ಮಿಂಚುತ್ತಿತ್ತು. ಪಾರ್ಶ್ವ ಬಾಯಿ ತೆರೆದ. 'ಬಾವಿ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಈಗಷ್ಟೇ ಆಡಿದ ಸುಳ್ಳು ಅದನ್ನು ಅಲ್ಲೇ ಹಿಡಿದು ಅದುಮಿತು.

"ಸಿದರಾಯಾ, ಗಾಡಿ ತಿರುವೋ! ಟಾಕಿ ವಾಪಸ್ ಕೊಟ್ಟು ಬಾ!" ಶಶಿಧರ ಟೆಂಪೋದವನಿಗೆ ಕೂಗಿ, ಪಾರ್ಶ್ವನ ಬೆನ್ನು ತಟ್ಟಿದರು. "ಮೀನ ಇಲ್ಲೇ ಇರ್ಲಿ ಬಿಡ್ರಿ. ನಿಮ್ಮ ನೀರ ಇದಕ್ಕ ಒಗ್ಗೈತಿ."

ಟೆಂಪೋ ಖಾನಾಪುರದ ದಾರಿ ಹಿಡಿಯಿತು. ಒಳಗೆ ಪ್ರಾಚಿ ಪರಪರ ತುರಿಸಿಕೊಳ್ಳುತ್ತಿದ್ದಳು. ಶಾಂತಮ್ಮ ಹೋಗಿ, ಮೀನಿಗೆ ಮತ್ತೆ ಬಾವಿಯ ನೀರು ಕುದಿಸಲೆಂದು ಒಲೆ ಹಚ್ಚಿದಳು.