ಮಾಮಾನ ಪಾಟಿ ಮತ್ತು ಜರ್ಮನಿಯ ತೆರಿಗೆ

ತೆರಿಗೆಯು ನಾಗರಿಕ ಸಮಾಜದ ಆಧಾರಸ್ತಂಭ. ನಮ್ಮ ಸೋದರಮಾವನ ಕೈಗೆ ಸಿಕ್ಕಿದ್ದರೆ ಆ ಸ್ತಂಭಕ್ಕೂ ಒಂದು ಪಾಟಿ ತೂಗುಹಾಕಿ, ‘ಇಲ್ಲಿ ಒರಗಿ ನಿಲ್ಲಬಾರದು’ ಎಂದು ಬರೆದಿರುತ್ತಿದ್ದರು.

ಪಾಟಿ ಎಂದರೆ ಫಲಕ. ಪುಣೆಯ ಸದಾಶಿವ ಪೇಠದಲ್ಲಿ ಅದು ಬರೀ ಹಲಗೆಯಲ್ಲ, ಒಂದು ಸಾಹಿತ್ಯಪ್ರಕಾರ! ಧಾರವಾಡ ಬಿಟ್ಟು ಅಲ್ಲಿ ನೆಲೆಸಿದ ಮಾಮಾ ಮರಾಠಿಯನ್ನು ಸುಮಾರಾಗಿ ಕಲಿತರು, ಪಾಟಿ ಬರೆಯುವುದನ್ನು ಪರಿಪೂರ್ಣವಾಗಿ ಕಲಿತರು. ಗೇಟಿನ ಮೇಲೆ: ‘ಇಲ್ಲಿ ಸ್ಕೂಟರ್ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು. ಪಂಪು ನಮ್ಮಲ್ಲಿಲ್ಲ.’ ದಾಸವಾಳದ ಗಿಡಕ್ಕೆ: ‘ಕದ್ದ ಹೂವೇ ಬೇಕೆಂದು ನಿಮ್ಮ ದೇವರು ಹೇಳಿದ್ದರೆ ಅವರಿಂದ ಚೀಟಿ ತನ್ನಿ.’ ಮನೆಯ ಬಾಗಿಲಿಗೆ ಎರಡು ಸಾಲು: ‘ಬೆಲ್ ಒಮ್ಮೆ ಮಾತ್ರ ಒತ್ತಿರಿ. ಒಳಗಿರುವವರು ಕಿವುಡರಲ್ಲ.’

ಈ ಎರಡನೆಯ ಸಾಲಿನ ಮೇಲೆ ಒಂದು ದಿನ ಬಿಳಿ ಬಣ್ಣ ಬಿತ್ತು. ಮಾಮಿಗೆ ಕಿವಿ ಮಂದವಾಗಿತ್ತು. ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದರೂ ತಿಳಿಯದು, ಇನ್ನು ಬೆಲ್ ಎಲ್ಲಿಂದ ಕೇಳಬೇಕು? ಅಂದಿನಿಂದ ಬಾಗಿಲು ತೆಗೆಯುವ ಖಾತೆ ಮಾಮಾನದಾಯಿತು. ಆ ಸಾಲು ಯಾಕೆ ಅಳಿಸಿದಿರಿ ಎಂದು ಕೇಳಿದೆ.

“ಪಾಟಿ ಮ್ಯಾಲ ಸುಳ್ಳ ಬರಿಯೂದಿಲ್ಲ,” ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಎರಡೂ ಕಿವಿಗೆ ಒಳ್ಳೆಯ ಮಷೀನು ಹಾಕಿಸಬೇಕೆಂದರೆ ಪಿಂಚಣಿ ಸಾಲದು. ಅದೇ ಹೊತ್ತಿಗೆ ಮಾಮಾ ನಿವೃತ್ತರಾದ ಕಾರ್ಖಾನೆಯವರು, ಜರ್ಮನಿಯ ಶಾಖೆಯಲ್ಲಿ ಐದು ತಿಂಗಳು ಕೆಲಸ ಮಾಡಿ ಅಲ್ಲಿಯದೇ ಪಗಾರ ತೆಗೆದುಕೊಳ್ಳುವಿರಾ ಎಂದು ಕೇಳಿದರು. ಪಾಪ, ಜರ್ಮನಿಗೆ ಮುನ್ಸೂಚನೆ ಕೊಡುವವರು ಯಾರೂ ಇರಲಿಲ್ಲ. ಮಾಮಾ ಹೊರಟೇಬಿಟ್ಟರು.

ಮೊದಲ ವಾರದ ಫೋನಿನಲ್ಲಿ ಪರಮಾನಂದ. ಮೆಟ್ಟಿಲಿಗೊಂದು, ಕಸದ ಡಬ್ಬಿಗೊಂದು, ಬಟ್ಟೆ ಒಗೆಯುವ ಕೋಣೆಗೆ ಮೂರು ಫಲಕಗಳಂತೆ! “ಇದು ಇನ್ನೊಂದ ಸದಾಶಿವ ಪೇಠ ಅದ. ಥಂಡಿ ಅಷ್ಟ ಜಾಸ್ತಿ.” ತಿಂಗಳ ಕೊನೆಗೆ ಪಗಾರದ ಚೀಟಿ ಕೈಗೆ ಬಂದಾಗ ದನಿ ಇಳಿಯಿತು. ಹಿಡಿದ ತೆರಿಗೆಯನ್ನು ನೋಡಿ, “ಎರಡ ಕಿವಿಯೊಳಗ ಒಂದನ್ನ ಈ ಸರಕಾರ ಇಟಗೊಂಡ್ತು,” ಎಂದರು.

ಬಿ.ಕಾಂ. ಓದಿದ ಅಪರಾಧಕ್ಕೆ ಇಡೀ ಬಳಗದ ತೆರಿಗೆ ನನ್ನ ತಲೆಗೆ ಬಂದಿದೆ. ಮಾಮಾ ಊರಿಗೆ ಮರಳಿದ ಕೂಡಲೇ ಪುಣೆಯಲ್ಲೇ ನಾನಿರುವ ಧನಕವಡಿಯಿಂದ ಸ್ಕೂಟರ್ ಏರಿ ಹೋದೆ (ಗೇಟಿನಿಂದ ಬಹು ದೂರ ನಿಲ್ಲಿಸಿದೆ). ವಿಷಯ ಸರಳ ಎಂದೆ. ತಿಂಗಳ ತಿಂಗಳ ತೆರಿಗೆ ಹಿಡಿಯುವಾಗ ಅವರು, ಈ ಮನುಷ್ಯ ವರ್ಷವಿಡೀ ಇಷ್ಟೇ ಗಳಿಸುತ್ತಾನೆ ಎಂದು ಲೆಕ್ಕ ಹಾಕುತ್ತಾರೆ. ನೀವು ಐದೇ ತಿಂಗಳು ಗಳಿಸಿದಿರಿ. ಕೇಳಿಕೊಂಡರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತದೆ. ಆದರೆ ಆ ಗಳಿಕೆಯನ್ನು ಇಲ್ಲಿಯ ತೆರಿಗೆಯವರಿಗೂ ತೋರಿಸಬೇಕು.

“ಒಂದ ಊಟಕ್ಕ ಎರಡ ಬಿಲ್ಲೇನೋ?”

“ಇಲ್ಲ ಮಾಮಾ. ಅಲ್ಲಿ ಕೊಟ್ಟದ್ದನ್ನ ಇಲ್ಲಿ ಕಳದು ಲೆಕ್ಕಾ ಹಾಕ್ತಾರ. ಅಲ್ಲಿಂದ ವಾಪಸ್ ಬಂದದ್ದಕ್ಕ ಮಾತ್ರ ಇಲ್ಲಿ ರಿಯಾಯ್ತಿ ಕೇಳೂಹಂಗಿಲ್ಲ.”

ಇದು ಅವರಿಗೆ ಕೂಡಲೇ ಹಿಡಿಸಿತು. ನ್ಯಾಯ ಅದ ಎಂದರು. ಅವರಿಗೆ ಹಿಡಿಸದೇ ಹೋದದ್ದು ‘ಕೇಳಿಕೊಂಡರೆ’ ಎಂಬ ನನ್ನ ಮಾತು. ತನ್ನ ಹಣಕ್ಕೆ ತಾನೇ ವಿನಂತಿ ಮಾಡಬೇಕೆ? ಅರ್ಜಿಯ ಜೊತೆ ಇಡಲು ನಾನು ಮೂರು ಪುಟದ ವಿನಯವಂತ ಪತ್ರವೊಂದನ್ನು ತಯಾರಿಸಿಕೊಟ್ಟೆ. ಮಾಮಾ ಅದನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟು, ತಮ್ಮದೇ ಇಂಗ್ಲಿಷಿನಲ್ಲಿ ಬೇರೆ ಬರೆದು ಅಂಚೆಗೆ ಹಾಕಿ ಬಂದರು. ಅದರ ತಾತ್ಪರ್ಯ: ‘ಇದ್ದದ್ದು ಐದು ತಿಂಗಳು. ಹಿಡಿದದ್ದು ಹನ್ನೆರಡರ ಲೆಕ್ಕದಲ್ಲಿ. ಉಳಿದದ್ದು ಕಳಿಸಿರಿ. ಕಾರಣ ನಿಮಗೇ ಗೊತ್ತಿದೆ.’

ಹೋಯಿತು, ಮಾಮಿಯ ಕಿವಿ ಹೋಯಿತು ಎಂದುಕೊಂಡೆ. ಒಂದು ಪರಕೀಯ ಸರಕಾರಕ್ಕೆ, ಅದೂ ಹಣ ಕೊಡಬೇಕಾದ ಸರಕಾರಕ್ಕೆ, ದಾಸವಾಳದ ಕಳ್ಳರಿಗೆ ಬರೆದ ಧಾಟಿಯಲ್ಲಿ ಬರೆಯುವುದೆ! ಕೈಯಲ್ಲಿದ್ದ ಹಣಕ್ಕೆ ಒಂದು ಕಿವಿಯ ಮಷೀನು ಬರುತ್ತಿತ್ತು. ತಿಂಗಳುಗಳು ಕಳೆದವು. ಕೊನೆಗೆ ಮಾಮಿಯೇ ರಾಜಿಗೆ ಬಂದರು.

“ಒಂದ ಕಿವಿ ಸಾಕ್ರಿ. ನಿಮ್ಮ ಮಾತ ಕೇಳಲಿಕ್ಕೆ ಎರಡ್ಯಾಕ ಬೇಕು?”

ಮಾಮಾ ನಗಲಿಲ್ಲ. ಅರ್ಧ ಕೆಲಸಾ ಮಾಡಿ ಗೊತ್ತಿಲ್ಲ ಎಂದು, ಗಟ್ಟಿಯಾಗಿ, ಎರಡು ಸಲ ಹೇಳಿದರು.

ಆಮೇಲೆ ಅಲ್ಲಿಯ ತೆರಿಗೆ ಕಚೇರಿಯಿಂದ ಉತ್ತರ ಬಂತು. ಜರ್ಮನ್ ಭಾಷೆಯಲ್ಲಿದ್ದುದರಿಂದ ನನ್ನ ಫೋನಿಗೆ ತೋರಿಸಿ ಅರ್ಥ ಮಾಡಿಸಿದೆವು. ‘ಪತ್ರ ತಲುಪಿತು. ಮರಳಿದ ವಿಮಾನದ ಟಿಕೆಟ್ಟಿನ ಪ್ರತಿ ಇಲ್ಲ. ಕಳಿಸಿರಿ. ಫೋನ್ ಮಾಡಬೇಡಿರಿ.’

ಸಿಟ್ಟಾಗಿದ್ದಾರೆ ಎಂದುಕೊಂಡೆ ನಾನು. ಮಾಮಾ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿಸಿದರು. ಅವರ ಮುಖದಲ್ಲಿ, ಕಳೆದುಹೋದ ಅಣ್ಣತಮ್ಮಂದಿರು ಜಾತ್ರೆಯಲ್ಲಿ ಸಿಕ್ಕಾಗಿನ ಕಳೆ!

“ನೋಡು, ಹಿಂಗ ಬರೀಬೇಕು. ಇವಾ ಕೊಡ್ತಾನ ತಗೋ.”

ಟಿಕೆಟ್ಟಿನ ಪ್ರತಿ ಹೋಯಿತು. ಅದರೊಂದಿಗೆ ‘ಕಳಿಸಲಾಗಿದೆ’ ಎಂಬ ಒಂದೇ ಮಾತಿನ ಪತ್ರ. ಕೆಲವು ವಾರಗಳ ಮೇಲೆ, ನನ್ನ ಮಾತು ಕೇಳಿ ಮುಚ್ಚದೆ ಬಿಟ್ಟಿದ್ದ ಅಲ್ಲಿಯ ಬ್ಯಾಂಕ್ ಖಾತೆಗೆ ಹಣ ಬಂದು ಬಿತ್ತು. ಇಲ್ಲಿಯ ತೆರಿಗೆಯ ಲೆಕ್ಕವನ್ನೂ ಅದಕ್ಕೆ ಸರಿಯಾಗಿ ಮುಗಿಸಿದೆವು. ಪತ್ರವ್ಯವಹಾರ ನಿಂತಿತೆಂದು ಮಾಮಾ ಒಂದು ದಿನ ಕೊಂಚ ಮಂಕಾಗಿದ್ದರು.

ಎರಡೂ ಕಿವಿಗೆ ಮಷೀನು ಹಾಕಿಸಿಕೊಂಡು ಬಂದ ಮಾಮಿ ಕುರ್ಚಿಯಲ್ಲಿ ಕೂತು ಮೇಲೆ ನೋಡಿದರು. “ಈ ಫ್ಯಾನು ಇಷ್ಟ ಸಪ್ಪಳ ಮಾಡ್ತದಂತ ಯಾರೂ ಹೇಳೇ ಇಲ್ಲಲ್ರಿ.” ಮಾಮಾ ಎದ್ದು ಫ್ಯಾನು ಆರಿಸಿದರು. ಮೇ ತಿಂಗಳ ಸೆಕೆ. ನಾನು ಪೇಪರಿನಿಂದ ಗಾಳಿ ಹಾಕಿಕೊಂಡೆ. ಮಾಮಾ ಬಹಳ ಹೊತ್ತು ಮೆಲ್ಲಗೆ ಏನೇನೋ ಮಾತಾಡಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂಬುದೇ ನನಗೆ ಮರೆತುಹೋಗಿತ್ತು.

ಮುಂದಿನ ಭಾನುವಾರ ಹೋದಾಗ ಬಾಗಿಲ ಪಾಟಿಯ ಮೇಲೆ ಎರಡನೆಯ ಸಾಲು ಮತ್ತೆ ಬಂದಿತ್ತು. ಕಪ್ಪು ಬಣ್ಣ ಇನ್ನೂ ಹಸಿಯಾಗಿತ್ತು.

ಬೆಲ್ ಒಮ್ಮೆ ಒತ್ತಿದೆ. ಮಾಮಿ ಬಂದು ಬಾಗಿಲು ತೆಗೆದರು.